ಫಾದರ್ ಥಾಮಸ್ ಸ್ಟೀಫನ್ಸ್: ಮನೆಮಾತು ಮತ್ತು ಗ್ರಂಥಭಾಷೆ

ಉದ್ದೇಶ: ಮನೆಮಾತಿಗೂ ಓದಿನ ಭಾಷೆಗೂ ಇರುವ ಅಂತರವನ್ನು ಒಬ್ಬ ಲೇಖಕನ ಜೀವನದ ಮೂಲಕ ಅರಿಯುವುದು.

ಜೀವನ: ಥಾಮಸ್ ಸ್ಟೀಫನ್ಸ್ 1549ರ ಸುಮಾರಿಗೆ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಜನಿಸಿದರು. ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಕ್ಯಾಥೊಲಿಕರಿಗೆ ಸ್ವದೇಶದಲ್ಲಿ ನೆಮ್ಮದಿ ಇರಲಿಲ್ಲ. ಸ್ಟೀಫನ್ಸ್ ರೋಮಿಗೆ ತೆರಳಿ 1575ರಲ್ಲಿ ಜೆಸ್ವಿಟ್ ಸಂಘವನ್ನು ಸೇರಿದರು. 1579ರ ಅಕ್ಟೋಬರಿನಲ್ಲಿ ಗೋವೆಯನ್ನು ತಲುಪಿದರು. ತಂದೆಗೆ ಬರೆದ ಪತ್ರದಲ್ಲಿ ಅವರು ಈ ಸಮುದ್ರಯಾನವನ್ನು ವರ್ಣಿಸಿದ್ದಾರೆ. 1619ರಲ್ಲಿ ಮರಣ ಹೊಂದುವವರೆಗೆ, ಸುಮಾರು ನಾಲ್ಕು ದಶಕಗಳ ಕಾಲ, ಗೋವೆಯೇ ಅವರ ಕರ್ಮಭೂಮಿ. ಅದರಲ್ಲಿಯೂ ಬಹುಕಾಲ ಸಾಷ್ಟಿ ಪ್ರದೇಶ.

ಭಾಷಾಸೇವೆ: ಅಂದಿನ ಗೋವೆಯಲ್ಲಿ ಜನರ ಮನೆಮಾತು ಕೊಂಕಣಿ, ಕಾವ್ಯ ಪುರಾಣಗಳ ಭಾಷೆ ಮರಾಠಿ. ಸ್ಟೀಫನ್ಸ್ ಎರಡನ್ನೂ ಕಲಿತರು, ಎರಡನ್ನೂ ಅದರದರ ಸ್ಥಾನದಲ್ಲಿ ಬಳಸಿದರು. ಸುಮಾರು 11,000 ಓವಿಗಳ ‘ಕ್ರಿಸ್ತಪುರಾಣ’ವನ್ನು ಕೊಂಕಣಿ ಪದಗಳು ಬೆರೆತ ಮರಾಠಿಯಲ್ಲಿ ರಚಿಸಿದರು. ಅದು 1616ರಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಧರ್ಮಬೋಧೆಯ ಪ್ರಶ್ನೋತ್ತರ ಪುಸ್ತಕವನ್ನಾದರೋ ಕೊಂಕಣಿಯಲ್ಲಿಯೇ ಬರೆದರು. ಅದು 1622ರಲ್ಲಿ ಪ್ರಕಟವಾಯಿತು. ಅವರ ಕೊಂಕಣಿ ವ್ಯಾಕರಣ 1640ರಲ್ಲಿ ರಾಯತೂರಿನಲ್ಲಿ ಮುದ್ರಣಗೊಂಡಿತು. ಭಾರತೀಯ ಭಾಷೆಗಳ ರಚನೆಯು ಗ್ರೀಕ್, ಲ್ಯಾಟಿನ್‌ಗಳನ್ನು ಹೋಲುತ್ತದೆಂದು 1583ರಲ್ಲಿಯೇ ಅವರು ಸಹೋದರನಿಗೆ ಬರೆದಿದ್ದರು. ವಿಲಿಯಂ ಜೋನ್ಸರ ಪ್ರಸಿದ್ಧ ಉಪನ್ಯಾಸ 1786ರದು. ‘ಕ್ರಿಸ್ತಪುರಾಣ’ದ ಮೊದಲ ಮುದ್ರಣದ ಪ್ರತಿಗಳು ಉಳಿಯಲಿಲ್ಲ. 1907ರಲ್ಲಿ ಜೆ. ಎಲ್. ಸಲ್ಡಾನ್ಹಾ ಅವರು ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು.

ಗಮನಿಸಬೇಕಾದ ಅಂಶಗಳು:
1. ವ್ಯಾಕರಣದ ಶೀರ್ಷಿಕೆಯಲ್ಲಿ ಭಾಷೆಯ ಹೆಸರು ‘ಕನಾರಿಂ’ ಎಂದಿದೆ. ಇದು ಕನ್ನಡವಲ್ಲ, ಪೋರ್ಚುಗೀಸರು ಗೋವೆಯ ಜನರನ್ನೂ ಅವರ ಕೊಂಕಣಿಯನ್ನೂ ಹೀಗೆ ಕರೆಯುತ್ತಿದ್ದರು. ಹೆಸರಿನ ಸಾಮ್ಯವನ್ನು ನಂಬಿ ಇದನ್ನು ಕನ್ನಡ ವ್ಯಾಕರಣವೆಂದು ಬೋಧಿಸಬಾರದು.
2. ಸ್ಟೀಫನ್ಸರ ಗುರಿ ಮತಪ್ರಚಾರ. ಸಾಷ್ಟಿಯಲ್ಲಿ ದೇವಾಲಯಗಳನ್ನು ಕೆಡವಿದ, ಹಳೆಯ ಪುರಾಣಗಳನ್ನು ನಿಷೇಧಿಸಿದ ಅಧಿಕಾರದ ನೆರಳಿನಲ್ಲಿಯೇ ಈ ಕಾವ್ಯ ಹುಟ್ಟಿತು. ಭಾಷಾಪ್ರೇಮವನ್ನು ಹೇಳುವಾಗ ಈ ಸತ್ಯವನ್ನು ಮುಚ್ಚಿಡಬಾರದು.
3. ಅದೇ ಆಡಳಿತವು 1684ರಲ್ಲಿ, ಮೂರು ವರ್ಷಗಳೊಳಗೆ ಜನರು ದೇಶಭಾಷೆಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಆದರೂ ಕೊಂಕಣಿ ಅಳಿಯಲಿಲ್ಲ, ಮನೆಗಳಲ್ಲಿ ಉಳಿಯಿತು.

ಬೋಧನೆಗೆ ಸೂಚನೆ: ಗಡಿನಾಡಿನ ಕನ್ನಡ ಶಾಲೆಗೆ ತುಳು, ಮರಾಠಿ, ತೆಲುಗು, ಬಡಗ ಮನೆಮಾತಿನ ಮಕ್ಕಳೂ ಬರುತ್ತಾರೆ. ಮಗುವಿನ ಮನೆಮಾತನ್ನು ತಪ್ಪೆಂದು ತಿದ್ದುವ ಮೊದಲು ಶಿಕ್ಷಕರು ಅದನ್ನು ಆಲಿಸಬೇಕು. ಪ್ರೌಢ ವಿದ್ಯಾವಂತರಾಗಿದ್ದ ಸ್ಟೀಫನ್ಸರೂ ಪರನಾಡಿನಲ್ಲಿ ಮೊದಲು ಕಲಿಯುವವರಾಗಿಯೇ ಕುಳಿತರು.

ಚಟುವಟಿಕೆ: ಮನೆಯಲ್ಲಿ ಮಾತ್ರ ಬಳಸುವ ಹತ್ತು ಪದಗಳನ್ನು ಮಕ್ಕಳು ಬರೆದು ತರಲಿ; ಅವುಗಳ ಎದುರು ಗ್ರಾಂಥಿಕ ಕನ್ನಡದ ಪದಗಳನ್ನು ತರಗತಿಯೇ ಹುಡುಕಲಿ. ಸಮಪದ ದೊರೆಯದಿದ್ದರೆ ಮನೆಯ ಪದವನ್ನೇ ವಾಕ್ಯದಲ್ಲಿ ಬಳಸಲಿ.

ಚಿಂತನೆಗೆ: ಪುರಾಣಕ್ಕೆ ಮರಾಠಿಯನ್ನೂ ಪ್ರಶ್ನೋತ್ತರಕ್ಕೆ ಕೊಂಕಣಿಯನ್ನೂ ಸ್ಟೀಫನ್ಸ್ ಆಯ್ದುದೇಕೆ?