ಟ್ಯಾಂಕಿನ ಮುಚ್ಚಳದಿಂದ ಶುರು ಮಾಡು

ತಮ್ಮಾ, ನೀನು ಅಹಮದಾಬಾದಿನಲ್ಲಿ ಹಳೆಯ ಬೊಲೆರೊ ಪಿಕಪ್ ಕೊಂಡ ಸುದ್ದಿಯನ್ನು ನಿಮ್ಮವ್ವ ಹೇಳಿದಾಗ ಖುಷಿಪಟ್ಟೆ. ಅದರ ಬೆನ್ನಿಗೇ ನಿನ್ನ ಫೋನು ಬಂತು: ‘ಮಾವಾ, ಸೂರತ್‌ನಿಂದ ಸೀರೆ ಗಂಟು ಹೇರಿಕೊಂಡು ಹೊರಟರೆ ವಡೋದರ ಮುಟ್ಟುವುದರೊಳಗೆ ಎರಡು ಸಲ ಬಂದ್ ಬೀಳುತ್ತದೆ. ಇಲ್ಲಿಯ ಮೆಕ್ಯಾನಿಕ್ ನಾಲ್ಕೂ ನಾಜಲ್ ಬದಲಿಸಬೇಕು ಅನ್ನುತ್ತಾನೆ. ಏನು ಮಾಡಲಿ?’

ಮೊದಲು ನಾಜಲ್‌ಗೆ ಅಡ್ವಾನ್ಸ್ ಕೊಡುವುದನ್ನು ನಿಲ್ಲಿಸು.

ನೀನು ಓಡಾಡುವ, ಈಗ 48 ಅನ್ನುವ ಹೆದ್ದಾರಿಗೆ ನಾನು ಗಾಡಿ ಓಡಿಸುತ್ತಿದ್ದಾಗ 8 ಅನ್ನುತ್ತಿದ್ದರು. ನಮ್ಮ ಹುಬ್ಬಳ್ಳಿ ಬೈಪಾಸಿನದೂ ಇವತ್ತು ಅದೇ ನಂಬರು, ಹಾಗಾಗಿ ನೀನು ಊರಿನ ರಸ್ತೆಯ ಇನ್ನೊಂದು ತುದಿಯಲ್ಲಿದ್ದೀ ಅಷ್ಟೇ. ತೊಂಬತ್ತರ ದಶಕದಲ್ಲಿ ಆ ರಸ್ತೆಯಲ್ಲಿ ನನ್ನ ಗಾಡಿಗೂ ಇದೇ ರೋಗ ಬಂದಿತ್ತು. ಮುಕ್ಕಾಲು ತಾಸು ಓಡುವುದು, ಕೆಮ್ಮುವುದು, ನಿಲ್ಲುವುದು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಎಂಬಂತೆ ಮತ್ತೆ ಶುರು. ಫಿಲ್ಟರ್ ಬದಲಿಸಿದೆ, ಏರ್ ತೆಗೆದೆ, ಪಂಪು ಬಿಚ್ಚಿಸಿದೆ. ಮೂರು ದಿನದ ಬಾಡಿಗೆ ಹೋಯಿತು. ಕೊನೆಗೆ ವಡೋದರದ ಗೋಲ್ಡನ್ ಚೌಕಡಿಯ ಹತ್ತಿರ ಒಬ್ಬ ಮುದುಕ ಮೇಸ್ತ್ರಿ ಬಂದ. ಬಾನೆಟ್ ಎತ್ತಲೇ ಇಲ್ಲ. ನೇರ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಬುಸ್ ಅಂತ ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳದ ಉಸಿರು ರಂಧ್ರ ಮಣ್ಣು ತುಂಬಿ ಮುಚ್ಚಿತ್ತು. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಪಂಪು ಎಷ್ಟು ಹೊತ್ತು ಎಳೆದೀತು? ಅವನು ತೆಗೆದುಕೊಂಡದ್ದು ಒಂದು ಚಹಾ. ಅದೂ ನಾನು ಒತ್ತಾಯ ಮಾಡಿದ ಮೇಲೆ.

ಅದಕ್ಕೇ ಹೇಳುತ್ತೇನೆ, ಟ್ಯಾಂಕಿನಿಂದ ಎಂಜಿನ್ ಕಡೆಗೆ ನಡೆ, ಎಂಜಿನ್‌ನಿಂದ ಟ್ಯಾಂಕಿಗಲ್ಲ. ಮುಂದಿನ ಸಲ ನಿಂತಾಗ ಮುಚ್ಚಳ ತೆಗೆದು ಕಿವಿಗೊಡು. ಸದ್ದಿಲ್ಲದಿದ್ದರೆ ಟ್ಯಾಂಕಿನೊಳಗಿನ ಜಾಲರಿ ನೋಡಿಸು. ತುಕ್ಕು, ಬಟ್ಟೆ ಚೂರು, ಯಾರೋ ಬೀಳಿಸಿದ ಪ್ಲಾಸ್ಟಿಕ್ ಎಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಫಿಲ್ಟರಿನ ಬುಡದ ತಿರುಪು ಸಡಿಲಿಸಿ ಗಾಜಿನ ಲೋಟದಲ್ಲಿ ಡೀಸೆಲ್ ಹಿಡಿ. ನೀರಿದ್ದರೆ ಎರಡೇ ನಿಮಿಷದಲ್ಲಿ ಕೆಳಗೆ ನಿಲ್ಲುತ್ತದೆ. ಸೂರತ್‌ನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ರಾತ್ರಿ ಗಾಡಿ ನಿಲ್ಲಿಸಬೇಡ. ಖಾಲಿ ಜಾಗದ ತೇವವೇ ಬೆಳಗಾಗುವಷ್ಟರಲ್ಲಿ ಹನಿಯಾಗುತ್ತದೆ.

ಇನ್ನು ನೀನು ಕಳಿಸಿದ ಫೋಟೋ. ಟ್ಯಾಂಕಿನ ಪಕ್ಕದಲ್ಲಿ ಒಂದು ಸಣ್ಣ ಕರೆಂಟ್ ಪಂಪು, ಡ್ಯಾಶ್‌ಬೋರ್ಡ್ ಕೆಳಗೆ ಅದಕ್ಕೊಂದು ಸ್ವಿಚ್ಚು. ವೈರಿಗೆ ಟೇಪ್ ಸುತ್ತಿದ ರೀತಿ ನೋಡಿದರೇ ಗೊತ್ತಾಗುತ್ತದೆ, ಕಂಪನಿ ಕೆಲಸವಲ್ಲ. ಮಾರಿದವನು ‘ಎಕ್ಸ್‌ಟ್ರಾ ಫಿಟಿಂಗ್’ ಅಂತ ಹೆಮ್ಮೆಯಿಂದ ತೋರಿಸಿದನಲ್ಲ? ತಮ್ಮಾ, ಹಳೇ ಗಾಡಿಯ ಎಕ್ಸ್‌ಟ್ರಾ ಫಿಟಿಂಗ್ ಅಂದರೆ ಹಿಂದಿನ ಮಾಲೀಕ ಗುಣಪಡಿಸದೆ ಬಿಟ್ಟ ರೋಗದ ಮೇಲಿನ ಬ್ಯಾಂಡೇಜು. ಹೀರುವ ಪೈಪಿನಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿ ಕಾಣದು, ಆದರೆ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಏಳದು. ಪೈಪ್ ಹುಡುಕುವ ತಾಳ್ಮೆ ಇಲ್ಲದವನು ಹಿಂದಿನಿಂದ ತಳ್ಳುವ ಪಂಪು ಕೂರಿಸಿದ್ದಾನೆ. ಅದನ್ನು ತೆಗೆಸು. ಫಿಲ್ಟರ್ ಮತ್ತು ಪಂಪಿನ ನಡುವೆ ಎರಡು ಗೇಣು ಪಾರದರ್ಶಕ ಪೈಪು ಹಾಕಿಸಿ ಗಾಡಿ ಓಡಿಸಿ ನೋಡು. ಗುಳ್ಳೆ ಬಂದರೆ ಕಳ್ಳ ಸಿಕ್ಕಂತೆ. ಪರೀಕ್ಷೆ ಮುಗಿದ ಮೇಲೆ ಆ ಪೈಪನ್ನು ಅಲ್ಲೇ ಬಿಟ್ಟು ಬರಬೇಡ, ಅದು ಎಂಜಿನ್ನಿನ ಬಿಸಿಗೆ ಬಾಳುವುದಲ್ಲ.

ಅದೇ ಫೋಟೋದಲ್ಲಿ ‘ಪವರ್ ಬಾಕ್ಸ್’ ಕೂಡ ಕಂಡಿತು. ನಾಜಲ್‌ಗಳಿಗೆ ಡೀಸೆಲ್ ಹಂಚುವ ರೇಲಿನಲ್ಲಿ ಒತ್ತಡ ಕಡಿಮೆ ಇದೆ ಎಂದು ಅದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರು ನಂಬಿ ಒತ್ತಡ ಏರಿಸುತ್ತದೆ. ಸವೆದ ಎಂಜಿನ್ನಿಗೆ ಮಾರುವ ಮುಂಚಿನ ಒಂದು ತಿಂಗಳು ಪಿಕಪ್ ಬರಲಿ ಅಂತ ಹಾಕುವ ಸಾಮಾನು ಅದು. ನಿನ್ನ ನಾಜಲ್ ನಿಜವಾಗಿ ಹಾಳಾಗಿದ್ದರೆ ಅದಕ್ಕೂ ಈ ಡಬ್ಬಿಗೂ ಸಂಬಂಧವಿರಬಹುದು. ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಕವಾಟಕ್ಕೆ ತಗಡು ಹೊಡೆದದ್ದೂ ಅದೇ ಜಾತಿ: ಮಸಿ ತೊಳೆಯುವ ಬದಲು ಬಾಗಿಲು ಮುಚ್ಚಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ವಿನ್ಯಾಸ ಬದಲಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯ ನಂತರ 182ಎ ಕಲಮಿನಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ, 6 ತಿಂಗಳವರೆಗೆ ಜೈಲೂ ಆಗಬಹುದು. ಹಾಕಿಸಿದವನು ಅವನು, ಆದರೆ ಆರ್‌ಸಿಯಲ್ಲಿ ಈಗ ನಿನ್ನ ಹೆಸರಿದೆ.

ಈಗ ನನ್ನ ವಿದ್ಯೆಯನ್ನೇ ನಾನು ಬೈಯಬೇಕು. ನಮ್ಮ ಕಾಲದಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸುತ್ತಿದ್ದೆವು. ಸದ್ದು ಬದಲಾಗದಿದ್ದರೆ ಅದೇ ಕೆಟ್ಟದ್ದು. ನಿನ್ನದು ಕಾಮನ್ ರೇಲ್ ಗಾಡಿ. ಟಯರಿಗೆ ನಾವು ಹಾಕುವ ಗಾಳಿ ನಾಲ್ಕೈದು ಬಾರ್. ಆ ರೇಲಿನಲ್ಲಿ ಓಡುವಾಗ ಒತ್ತಡ ಸಾವಿರ ಬಾರ್ ದಾಟುತ್ತದೆ. ಸಡಿಲಿಸಿದ ನಟ್ಟಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಕೈಯೇ ಕೊಳೆಯುತ್ತದೆ. ಯಾವ ಉಸ್ತಾದ್ ಆದರೂ ಓಡುವ ಎಂಜಿನ್ನಿನ ಆ ಪೈಪಿಗೆ ಪಾನಾ ಹಚ್ಚಿದರೆ ಕೀಲಿ ಕಿತ್ತುಕೋ. ನಾಜಲ್ ಮೇಲೆ ಅನುಮಾನವಿದ್ದರೆ ನಾಲ್ಕರ ರಿಟರ್ನ್ ಪೈಪಿಗೂ ನಾಲ್ಕು ಸಣ್ಣ ಬಾಟಲಿ ಕಟ್ಟಿಸಿ ನೋಡಿಸು. ಉಳಿದವಕ್ಕಿಂತ ಬಹಳ ಬೇಗ ತುಂಬಿದ ಬಾಟಲಿಯ ನಾಜಲ್ ಸವೆದಿದೆ. ನಾಲ್ಕೂ ಬದಲಿಸು ಅಂದವನು ಈ ಬಾಟಲಿ ತೋರಿಸಿದ್ದನೇ? ಕೇಳು.

ಇನ್ನೊಂದು ಹಳೇ ಚಾಳಿ, ಬಿಸಿಗೆ ಏಳದ ಗಾಡಿಯ ಪಂಪಿಗೆ ಒದ್ದೆ ಗೋಣಿ ಸುತ್ತುವುದು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಆಗಿತ್ತು. ಆ ದಿನ ನಾನು ಅಲ್ಲಿಯ ನಾರೋಲ್‌ನಲ್ಲಿದ್ದೆ. ಹಳೇ ರೋಟರಿ ಪಂಪಿನ ಗಾಡಿಗಳಿಗೆ ಗೋಣಿ ಸಾಲಲಿಲ್ಲ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಪಂಪಿನ ಸಂದಿಯಲ್ಲಿ ಜಾರುತ್ತದೆ, ತಣಿಸಿದರೆ ಹಿಡಿಯುತ್ತದೆ. ನಿನ್ನ ಗಾಡಿಯ ಸೆನ್ಸರುಗಳ ಮೇಲೆ ನೀರು ಸುರಿಯಬೇಡ. ತಣ್ಣಗಿದ್ದಾಗ ಎದ್ದು ಬಿಸಿಗೆ ಏಳದಿದ್ದರೆ ಬಾಟಲಿ ಪರೀಕ್ಷೆಯನ್ನು ಬಿಸಿಯಲ್ಲೇ ಮಾಡಿಸು.

ಸೂರತ್ ಡೀಸೆಲ್ಲೇ ಸರಿಯಿಲ್ಲ ಅಂತ ಡ್ರೈವರುಗಳು ಹೇಳುತ್ತಾರಲ್ಲ, ಅದು ಹಳೇ ಮಾತು. ಏಪ್ರಿಲ್ 2010ರಲ್ಲಿ ದೇಶದ 13 ನಗರಗಳಿಗೆ ಬಿಎಸ್-4 ಡೀಸೆಲ್ ಬಂದಾಗ ಅಹಮದಾಬಾದ್, ಸೂರತ್ ಪಟ್ಟಿಯಲ್ಲಿದ್ದವು. ನಡುವಿನ ವಡೋದರ ಇರಲಿಲ್ಲ, 1965ರಿಂದ ಕೊಯಲಿ ರಿಫೈನರಿ ಅದರ ಬಗಲಲ್ಲೇ ಇದ್ದರೂ! ಏಪ್ರಿಲ್ 2020ರಿಂದ ದೇಶಕ್ಕೆಲ್ಲ ಒಂದೇ ಬಿಎಸ್-6, ಗಂಧಕ 10 ಪಿಪಿಎಂ. ಊರನ್ನು ಬೈಯುವ ಕಾಲ ಮುಗಿಯಿತು. ಬೈಯಬೇಕಾದ್ದು ಶೆಡ್ಡಿನ ಹಿಂದೆ ‘ಬಯೋಡೀಸೆಲ್’ ಹೆಸರಿನಲ್ಲಿ ಅಗ್ಗಕ್ಕೆ ಮಾರುವ ಎಣ್ಣೆಯನ್ನು. 2021ರಲ್ಲಿ ಗುಜರಾತ್ ಪೊಲೀಸರು ರಾಜ್ಯದ ತುಂಬ ಅಂಥ ಅಡ್ಡೆಗಳ ಮೇಲೆ ದಾಳಿ ಮಾಡಿದರು. ಹೆಸರು ಬಯೋಡೀಸೆಲ್, ಒಳಗೆ ಕಾರ್ಖಾನೆಯ ಏನೇನೋ ಎಣ್ಣೆ. ಲೀಟರಿಗೆ ಉಳಿಸಿದ ರೂಪಾಯಿಗಳನ್ನೆಲ್ಲ ಒಂದೇ ಪಂಪು ಬಡ್ಡಿ ಸಮೇತ ಕೀಳುತ್ತದೆ. ಸರಿಯಾದ ಬಂಕಿನಲ್ಲಿ ಹಾಕಿಸು, ಬಿಲ್ ಇಸಿದುಕೋ. ಅನುಮಾನ ಬಂದರೆ ಡೆನ್ಸಿಟಿ ಅಳೆದು ತೋರಿಸಿ ಎನ್ನು. ಅವರು ಬರೆದಿಟ್ಟ ಅಂಕಿಗೂ, ಅಳೆದು ತಾಪಮಾನಕ್ಕೆ ಸರಿಹೊಂದಿಸಿದ ಅಂಕಿಗೂ ಘನ ಮೀಟರಿಗೆ 3 ಕೆಜಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಾಕಿಸಬೇಡ. ಕೇಳಲು ನಾಚಿಕೆ ಯಾಕೆ, ದುಡ್ಡು ನಿನ್ನದು.

ಹೊಗೆಯ ಬಗ್ಗೆ ಕೇಳಿದ್ದೀ. ಕಪ್ಪಗಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ. ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಿ ದಿನವಿಡೀ ನಿಲ್ಲುವ ಗಾಡಿ ನಿನ್ನದು, ಏರ್ ಫಿಲ್ಟರಿನಲ್ಲಿ ನೂಲಿನ ಧೂಳು ಅಂಟಿರುತ್ತದೆ, ಅದನ್ನು ಮೊದಲು ತೆಗೆದು ನೋಡು. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಅದಕ್ಕೆ ನನ್ನಲ್ಲಿ ಅಗ್ಗದ ಮದ್ದಿಲ್ಲ.

ನಾಳೆ ಬೆಳಗ್ಗೆ ಗಂಟು ಹೇರುವ ಮುಂಚೆ ಮುಚ್ಚಳ, ಜಾಲರಿ, ಲೋಟ, ಗುಳ್ಳೆ, ಇಷ್ಟು ನೋಡಿ ಫೋನ್ ಮಾಡು. ಲೋಟದ ಫೋಟೋ ಕಳಿಸು. ಅಲ್ಲಿಯವರೆಗೆ ಆ ಮೆಕ್ಯಾನಿಕ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡ.