ಲೆಕ್ಕ ಕೇಳುವ ಮೊದಲು

ಗಜೇಂದ್ರಗಡದ ಸಹೋದರರೇ,

ಅಂಗಡಿಯ ಗಡಿಬಿಡಿಯಲ್ಲೇ ರೋಣದ ಅಣ್ಣನಿಗೆ ಫೋನ್ ಮಾಡಿ, ಮೊದಲ ಮಾತಿಗೇ ‘ಕಡ್ಲಿ ಮಾರಿದೇನ? ರೊಕ್ಕ ಎಷ್ಟ ಬಂತು?’ ಎನ್ನುತ್ತೀರಿ. ಅವರು ಸಿಡುಕುತ್ತಾರೆ, ನಿಮಗೆ ನೋವಾಗುತ್ತದೆ. ನಿಮ್ಮ ಕಾಳಜಿ ನಿಜ. ಆದರೆ ಅವರ ಕಿವಿಗೆ ಅದು ತಪಾಸಣೆಯಂತೆ ಕೇಳಿಸುತ್ತಿದೆ. ಎರೆಹೊಲದ ಹಿಂಗಾರಿ ಬೆಳೆ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿರುತ್ತದೆ. ತೇವ ಸಾಲದೆ ಇಳುವರಿ ಕುಸಿದರೆ ಅದು ಅವರ ಸೋಮಾರಿತನವಲ್ಲ. ಪಕ್ಕದ ನರಗುಂದದ ರೈತರು 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ, 2015ರಲ್ಲಿ ಮಹದಾಯಿ ನೀರಿಗಾಗಿ ಬೀದಿಗಿಳಿದರು. ಈ ಭಾಗದ ರೈತರ ಸಂಕಟ ಎಷ್ಟು ಆಳದ್ದೆಂದು ನಿಮಗೇ ಗೊತ್ತು.

ಮುಂದಿನ ಸಲ ರಾತ್ರಿ ಊಟವಾದ ಮೇಲೆ ಮಾತಾಡಿ. ‘ಅಣ್ಣಾ, ಆರಾಮ ಅದಿಯಿಲ್ಲೋ? ಹೊಲ ಹೆಂಗೈತಿ?’ ಎಂದು ಕೇಳಿ ಸುಮ್ಮನಿರಿ. ಅವರು ನಡುವೆ ಮಾತು ನಿಲ್ಲಿಸಿದರೂ ಅವಸರಪಡಬೇಡಿ. ಆಮೇಲೆ, ‘ಮಳಿ ಕೈಕೊಟ್ಟಿದ್ದಕ್ಕ ಭಾಳ ಚಿಂತಿ ಆಗೇತಿ, ಹೌದಲ್ಲ?’ ಎನ್ನಿ, ನಿಮ್ಮ ಊಹೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಸಲಹೆ ಮಾತ್ರ ಅವರು ಕೇಳಿದಾಗಷ್ಟೇ.

ಬೆಳೆಯಲ್ಲಿ ನಿಮ್ಮ ಪಾಲಿನ ಹಣದ ಮಾತೂ ಬೇಕೇ ಬೇಕು, ಅದನ್ನು ನುಂಗಿಕೊಳ್ಳುವುದು ಸರಿಯಲ್ಲ. ಅದಕ್ಕೆ ಬೇರೊಂದು ದಿನ ಊರಿಗೇ ಹೋಗಿ ಎದುರು ಕೂತುಕೊಳ್ಳಿ. ಅತ್ತಿಗೆಯವರೂ ಜೊತೆಗಿರಲಿ, ಹೊಲದ ಖರ್ಚು ಅವರಿಗೂ ಗೊತ್ತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಂತೂ ಆ ಮಾತು ಬೇಡ.