ಆಶ್ರಯ ಮನೆಗೆ ಯಾರ ಬಾಗಿಲು ತಟ್ಟಬೇಕು?

2025ರ ಜೂನ್‌ನಲ್ಲಿ ಆಳಂದ ಶಾಸಕ ಬಿ.ಆರ್. ಪಾಟೀಲ ಅವರ ಫೋನ್ ಮಾತುಕತೆಯೊಂದು ರಾಜ್ಯದ ತುಂಬ ಹರಿದಾಡಿತು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳು ದುಡ್ಡು ಕೊಟ್ಟವರ ಪಾಲಾಗುತ್ತಿವೆ ಎಂಬುದು ಅದರಲ್ಲಿದ್ದ ಆರೋಪ. ಹೇಳಿದವರು ಆಡಳಿತ ಪಕ್ಷದವರೇ ಆದ್ದರಿಂದ ಸದ್ದು ಜೋರಾಯಿತು. ವಸತಿ ಸಚಿವ ಜಮೀರ್ ಅಹ್ಮದ್ ಖಾನ್ ಆರೋಪವನ್ನು ಅಲ್ಲಗಳೆದರು. ನಿಜ ಯಾವುದೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಕಟ್ಟೆಗಳಲ್ಲಿ ಇಂದಿಗೂ ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕು: 'ಪಟ್ಟಿಯೊಳಗ ಹೆಸರು ಬರಬೇಕಂದ್ರ ಯಾರನ್ನ ಹಿಡೀಬೇಕ್ರೀ?'

ಕಾನೂನಿನ ಪ್ರಕಾರ ಯಾರನ್ನೂ ಹಿಡಿಯಬೇಕಿಲ್ಲ. ಮನೆ ಯಾರಿಗೆ ಎಂಬ ತೀರ್ಮಾನ ಆಗಬೇಕಾದ ಜಾಗ ಗ್ರಾಮಸಭೆ. ಆ ತೀರ್ಮಾನಕ್ಕೆ ಸಾಕ್ಷಿ ಗ್ರಾಮಸಭೆಯ ನಡಾವಳಿ. ಆ ನಡಾವಳಿಯನ್ನು ಓದಿ ನೋಡುವ, ಅದರ ನಕಲು ಪಡೆಯುವ ಹಕ್ಕು ಪ್ರತಿ ಮತದಾರನಿಗೂ ಇದೆ.

ದುಡ್ಡು ಬರುವ ದಾರಿ

ವಿಧಾನಮಂಡಲದ ಒಪ್ಪಿಗೆ ಇಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಇದು ಸಂವಿಧಾನದ ಕಟ್ಟಳೆ. 2025ರ ಮಾರ್ಚ್ 7ರಂದು ಮಂಡನೆಯಾದ 2025-26ನೇ ಸಾಲಿನ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ವಸತಿ ಇಲಾಖೆಗೆ ಸಿಗುವ ಪಾಲು ನಿಗಮಕ್ಕೆ ಹೋಗುತ್ತದೆ. ನಿಗಮ ಪಂಚಾಯಿತಿಗಳಿಗೆ ಇಂತಿಷ್ಟು ಮನೆಗಳೆಂದು ಗುರಿ ನಿಗದಿ ಮಾಡುತ್ತದೆ, ಆಮೇಲೆ ಕಂತಿನ ಹಣ ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗಳ ವೆಚ್ಚದಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40 ಪಾಲು.

ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರಬೇಕೆಂದು 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಹೇಳುತ್ತದೆ. ಸಾಲ ಮಾಡಲು ಮಿತಿ ಇರುವಾಗ ಘೋಷಣೆಯಾದ ಎಲ್ಲ ಮನೆಗೂ ಒಮ್ಮೆಲೇ ಹಣ ಬಿಡುಗಡೆಯಾಗುವುದಿಲ್ಲ. 'ಹೆಸರು ಬಂದದ, ಬಿಲ್ ಬಂದಿಲ್ಲ' ಎಂದು ಜನ ಗೋಳಾಡುವುದಕ್ಕೆ ಒಂದು ಕಾರಣ ಇಲ್ಲಿದೆ. ಪಂಚಾಯಿತಿಯಲ್ಲಿ 'ಅನುದಾನ ಬಂದಿಲ್ಲ' ಎಂದರೆ ಸುಮ್ಮನೆ ಮರಳಬೇಡಿ. ಅನುದಾನ ಯಾವ ಆದೇಶದಲ್ಲಿ, ಯಾವ ದಿನ, ಎಷ್ಟು ಬಿಡುಗಡೆಯಾಗಿದೆ ಎಂದು ಕೇಳಿ. ಕೊರತೆ ಬೆಂಗಳೂರಿನಲ್ಲಿದೆಯೋ, ಕಡತ ಪಂಚಾಯಿತಿಯ ಕಪಾಟಿನಲ್ಲೇ ಕುಳಿತಿದೆಯೋ ಎಂಬುದು ಆಗ ಗೊತ್ತಾಗುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ಬಲವೂ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕೂಡ ಆ ಪಟ್ಟಿಯಲ್ಲಿವೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ, ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯಸಮ್ಮತ ಹಂಚಿಕೆಗೆ ದಾರಿ ಮಾಡಿತು. ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದೂ ಅದೇ ವಿಧಿ ಹೇಳುತ್ತದೆ. 2025-26ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಣೆಯಾದದ್ದು 5,000 ಕೋಟಿ ರೂಪಾಯಿ. ನಿಮ್ಮೂರಿನ ಶಾಲಾ ಕೊಠಡಿ, ರಸ್ತೆ ಮಂಡಳಿಯ ದುಡ್ಡಿನದಾದರೆ ಅದರ ಅಂದಾಜು ಪಟ್ಟಿಯನ್ನೂ ನೀವು ಕೇಳಬಹುದು.

ಹೆಸರು ಸೇರುವುದು ಗ್ರಾಮಸಭೆಯಲ್ಲಿ

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್‌ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಗ್ರಾಮಸಭೆಗೆ ಕೋರಂ ಬೇಕು: ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಹಾಜರಿದ್ದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು 'ಸಭೆ ಆಯಿತು' ಎಂದು ಬರೆದರೆ ಅದು ಗ್ರಾಮಸಭೆ ಅಲ್ಲ.

ಸಭೆಗೆ ಹೋದವರು ನಾಲ್ಕು ಕೆಲಸ ಮಾಡಿ. ಈ ಸಾಲಿನ ಗುರಿ ಎಷ್ಟು, ಅದರಲ್ಲಿ ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ ಎಷ್ಟು ಎಂಬುದನ್ನು ಓದಿಸಿ. ಅರ್ಜಿದಾರರ ಪಟ್ಟಿಯನ್ನು ಗಟ್ಟಿಯಾಗಿ ಓದಲು ಹೇಳಿ. ಮನೆ ಇದ್ದವರ ಹೆಸರು ಬಂದರೆ ಅಲ್ಲೇ ಆಕ್ಷೇಪ ಎತ್ತಿ, ಅದು ನಡಾವಳಿಯಲ್ಲಿ ದಾಖಲಾಯಿತೇ ನೋಡಿ. ಸಭೆ ಮುಗಿಯುವ ಮುಂಚೆ ನಡಾವಳಿ ಓದಿಸಿಕೊಂಡು ಸಹಿ ಮಾಡಿ. ಖಾಲಿ ಹಾಳೆಗೆ, ಖಾಲಿ ಪುಸ್ತಕಕ್ಕೆ ಸಹಿ ಹಾಕಬೇಡಿ.

ಆವಾಸ್ ಯೋಜನೆಯ ಪಟ್ಟಿ ಬೇರೆ, ಬಸವ ವಸತಿ ಹಾಗೂ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳ ಪಟ್ಟಿ ಬೇರೆ. ಆವಾಸ್ ಪಟ್ಟಿ ಸಮೀಕ್ಷೆಯಿಂದ ಬರುತ್ತದೆ, ಗ್ರಾಮಸಭೆ ಅದನ್ನು ಪರಿಶೀಲಿಸುತ್ತದೆ. ಅನರ್ಹತೆಯ ನಿಯಮ 2024ರಲ್ಲಿ ಸಡಿಲವಾಗಿದೆ. ಬೈಕ್ ಇದೆ, ಫ್ರಿಜ್ ಇದೆ ಎಂದು ಈಗ ಹೆಸರು ಕೈಬಿಡುವಂತಿಲ್ಲ. ತಿಂಗಳ ಆದಾಯದ ಮಿತಿ 15,000 ರೂಪಾಯಿಗೆ ಏರಿದೆ. ಆದರೆ 2.5 ಎಕರೆ ಅಥವಾ ಹೆಚ್ಚು ನೀರಾವರಿ ಭೂಮಿ, 5 ಎಕರೆ ಅಥವಾ ಹೆಚ್ಚು ಒಣಭೂಮಿ ಇದ್ದರೆ ಅರ್ಹತೆ ಇಲ್ಲ. ನಮ್ಮ ಕಡೆ ಮಳೆಯನ್ನೇ ನಂಬಿ ತೊಗರಿ ಬಿತ್ತುವ ಐದೆಕರೆಯ ರೈತ ಮಳೆ ಕೈಕೊಟ್ಟ ವರ್ಷ ಕೂಲಿಗೆ ಹೋಗುತ್ತಾನೆ, ಆದರೂ ಈ ನಿಯಮದಲ್ಲಿ ಹೊರಗುಳಿಯುತ್ತಾನೆ. ಅಂಥವರು ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿದ್ದರೆ ಪಹಣಿಯಲ್ಲಿ ಪಾಲು ದಾಖಲಾಗಿದೆಯೇ ನೋಡಿಕೊಳ್ಳಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಯಿಂದ ಹಲವರ ಅರ್ಜಿ ಬಿದ್ದುಹೋಗುತ್ತದೆ. ಪಟ್ಟಿಯಿಂದ ಹೆಸರು ಕೈಬಿಟ್ಟದ್ದು ತಪ್ಪೆನಿಸಿದರೆ ಮೇಲ್ಮನವಿ ಸಮಿತಿಗೆ ಲಿಖಿತವಾಗಿ ದೂರು ಕೊಡಲು ಅವಕಾಶವಿದೆ.

ಜಾಗದ ಕಾಗದ

ಮನೆ ಕಟ್ಟಲು ನಿವೇಶನ ನಿಮ್ಮ ಹೆಸರಿನಲ್ಲಿರಬೇಕು. ಗ್ರಾಮಠಾಣಾ ಜಾಗವಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು. ಇವು ಗಡುವಿನೊಳಗೆ ಕೊಡಲೇಬೇಕಾದ, ಸಕಾಲ ವ್ಯಾಪ್ತಿಯ ಸೇವೆಗಳು. ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರಕ್ಕೆ 2011ರ ಸಕಾಲ ಕಾಯ್ದೆಯಲ್ಲಿ ಹಕ್ಕಿದೆ. ಮೊತ್ತ ಸಣ್ಣದು, ಆದರೆ ಅದು ತಡ ಮಾಡಿದ ಅಧಿಕಾರಿಯಿಂದ ವಸೂಲಾಗುತ್ತದೆ ಎಂಬುದೇ ಅದರ ತೂಕ.

ತಾಂಡಾಗಳ ಸಂಗತಿ ಬೇರೆ. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಹಕ್ಕುಪತ್ರ ಕೊಡಲು ಕರ್ನಾಟಕ ಭೂಕಂದಾಯ ಕಾಯ್ದೆಗೆ 94-ಡಿ ಕಲಂ ಸೇರಿದೆ. 2023ರ ಜನವರಿ 19ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಲಂಬಾಣಿ ಕುಟುಂಬಗಳಿಗೆ ಪ್ರಧಾನಿ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಐದು ಜಿಲ್ಲೆಗಳ ಸುಮಾರು 52,000 ಕುಟುಂಬಗಳಿಗೆ ಅಂದು ಹಕ್ಕುಪತ್ರ ಘೋಷಣೆಯಾಯಿತು. ಹಕ್ಕುಪತ್ರ ಕೈಗೆ ಬಂದವರು ಅಲ್ಲಿಗೇ ನಿಲ್ಲಬಾರದು. ಅದು ಪಂಚಾಯಿತಿ ದಾಖಲೆಗೆ ಏರಿ ನಮೂನೆ ಸಿಕ್ಕ ಮೇಲಷ್ಟೇ ವಸತಿ ಅರ್ಜಿಗೆ ಬಲ ಬರುತ್ತದೆ.

ನಾಲ್ಕು ಹಂತ, ನಾಲ್ಕು ಫೋಟೊ

ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಇದಲ್ಲದೆ ಶೌಚಾಲಯಕ್ಕೆ ಸ್ವಚ್ಛ ಭಾರತ್‌ನಿಂದ 12,000 ರೂಪಾಯಿ, ಉದ್ಯೋಗ ಖಾತರಿಯಿಂದ 90 ದಿನಗಳ ಕೂಲಿ ಎಂದು 2016ರ ಮಾರ್ಗಸೂಚಿ ಹೇಳಿದೆ. ಈ ಜೋಡಣೆಯ ಹಣ ಬರುತ್ತದೆಂದು ಹಲವರಿಗೆ ತಿಳಿಯುವುದೇ ಇಲ್ಲ. ಕೂಲಿ ಬೇರೆ ಯಾರದೋ ಜಾಬ್ ಕಾರ್ಡಿಗೆ ಹೋಗದಂತೆ ನೋಡಿಕೊಳ್ಳಿ.

ಸಹಾಯಧನ ಸಾಮಾನ್ಯವಾಗಿ ತಳಪಾಯ, ಲಿಂಟಲ್, ಛತ್ತು, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಬರುತ್ತದೆ. ಪ್ರತಿ ಹಂತದಲ್ಲೂ ಜಾಗಕ್ಕೆ ಬಂದು ಜಿಪಿಎಸ್ ಫೋಟೊ ತೆಗೆಯಬೇಕು. ದಲ್ಲಾಳಿಗಳ ಕೈಚಳಕ ಹೆಚ್ಚು ನಡೆಯುವುದು ಇಲ್ಲೇ: 'ಜಿಪಿಎಸ್ ಹೊಡಿಬೇಕಂದ್ರ ಖರ್ಚು ಅದ.' ಕಾನೂನಿನಲ್ಲಿ ಫೋಟೊಗೆ ಶುಲ್ಕ ಎಂಬುದೇ ಇಲ್ಲ. ತಳಪಾಯ ಮುಗಿದ ದಿನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಸಾಲಿನ ಅರ್ಜಿ ಬರೆದು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಡವಾದರೆ ಹೊಣೆ ಯಾರದೆಂದು ಆ ಮುದ್ರೆ ಹೇಳುತ್ತದೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಹಿ ಮಾಡಿದ ಚೆಕ್ಕು ಯಾರ ಕೈಗೂ ಕೊಡಬೇಡಿ. ಆವಾಸ್ ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳಬೇಕು. ಗುತ್ತಿಗೆದಾರರನ್ನು ಪಂಚಾಯಿತಿ ಹೇರುವಂತಿಲ್ಲ.

ಭೀಮೆ ಉಕ್ಕಿದಾಗ

ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳಿಗೆ ಮನೆ ಹೋಗುವುದು ಹೊಸದಲ್ಲ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ನೀರಿಗೆ ಭೀಮೆ ಊರೊಳಗೆ ನುಗ್ಗಿದಳು. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಶೇ 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ರಾಜ್ಯ ಸರ್ಕಾರ ಆಯಾ ವರ್ಷದ ಆದೇಶದಲ್ಲಿ ತನ್ನ ಪಾಲು ಸೇರಿಸುವುದುಂಟು. ಆದ್ದರಿಂದ ಆ ವರ್ಷದ ಆದೇಶದ ನಕಲು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.

ಲಕ್ಷದ ಪರಿಹಾರವೋ, ನಾಲ್ಕು ಸಾವಿರದ ಪರಿಹಾರವೋ ಎಂಬುದು ಪಂಚನಾಮೆಯಲ್ಲಿ ಬರೆಯುವ ಹಾನಿಯ ಪ್ರಮಾಣದ ಮೇಲೆ ನಿಂತಿದೆ. ಗೋಡೆ ಬಿದ್ದ ಜಾಗ ಬಳಿದು ಸ್ವಚ್ಛ ಮಾಡುವ ಮುಂಚೆ ಒಳಗಿನ, ಹೊರಗಿನ ಫೋಟೊ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿ, ಎಂಜಿನಿಯರ್ ಬಂದಾಗ ಮನೆಯಲ್ಲೇ ಇರಿ, ಬರೆದದ್ದನ್ನು ಓದಿಸಿ. ಒಪ್ಪಿಗೆಯಿಲ್ಲದಿದ್ದರೆ ಮರುಸಮೀಕ್ಷೆ ಕೋರಿ ತಹಶೀಲ್ದಾರರಿಗೆ ಕೂಡಲೇ ಬರೆಯಿರಿ.

ಲೆಕ್ಕ ಕೇಳುವ ಎರಡು ದಾರಿ

ಒಂದು, ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ತೆರೆದಿಡಬೇಕು. ನಗದು ಪುಸ್ತಕ, ಓಚರ್, ಅಳತೆ ಪುಸ್ತಕ ಅಂದು ಮೇಜಿನ ಮೇಲಿರಬೇಕು. ಕಾಮಗಾರಿಯನ್ನು ಹೋಗಿ ನೋಡಲೂ ಬೇಕು. ಪಂಚಾಯಿತಿ ಯಾರಿಗೆ ಎಷ್ಟು ಪಾವತಿಸಿದೆ ಎಂಬುದನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಮೊದಲೇ ನೋಡಿಕೊಂಡು ಹೋದರೆ ಪ್ರಶ್ನೆ ಮೊನಚಾಗುತ್ತದೆ.

ಎರಡು, 2005ರ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮಾಹಿತಿ ಏಕೆ ಬೇಕೆಂದು ಹೇಳಬೇಕಿಲ್ಲ. 'ನಮಗೆ ಮನೆ ಏಕೆ ಕೊಡಲಿಲ್ಲ' ಎಂದು ಕೇಳಿದರೆ ಉತ್ತರ ಸಿಗದು, ದಾಖಲೆ ಕೇಳಬೇಕು. ಹೀಗೆ ಬರೆಯಬಹುದು:

'2024-25ನೇ ಸಾಲಿನ ವಸತಿ ಯೋಜನೆಗಳಿಗೆ ಸಂಬಂಧಿಸಿ: ನಮ್ಮ ಪಂಚಾಯಿತಿಗೆ ಗುರಿ ನಿಗದಿಪಡಿಸಿದ ಆದೇಶ, ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮಸಭೆಯ ತಿಳಿವಳಿಕೆ ಪತ್ರ, ಹಾಜರಾತಿ ಪುಟಗಳು, ನಡಾವಳಿ, ಆಯ್ಕೆಯಾದವರ ಪಟ್ಟಿ, ಪ್ರತಿ ಮನೆಗೆ ಯಾವ ಹಂತದ ಹಣ ಯಾವ ದಿನ ಬಿಡುಗಡೆಯಾಯಿತೆಂಬ ವಿವರ. ಇವುಗಳ ದೃಢೀಕೃತ ನಕಲು ಕೊಡಿ.'

ಸಹಾಯಧನ ಪಡೆದವರ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕೆಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಕೇಳಬೇಡಿ, ಅವು ಸಿಗುವುದಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು.

ಲಂಚ ಕೇಳಿದರೆ ಏಳು ದಿನದ ಲೆಕ್ಕ

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರಿಗೆ ಮಾತ್ರ ಒಂದು ದಾರಿ ಬಿಟ್ಟಿದ್ದಾರೆ: ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಕೊಡುವ ಮುಂಚೆಯೇ ತಿಳಿಸುವುದು ಇನ್ನೂ ಒಳ್ಳೆಯದು. ಲೋಕಾಯುಕ್ತ ಪೊಲೀಸರು ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ನೋಟು ಮುಟ್ಟಿದವನ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 'ಸಾಹೇಬರಿಗೆ ಕೊಡಿಸ್ತೀನಿ' ಎಂದು ದುಡ್ಡು ಎತ್ತುವ ದಲ್ಲಾಳಿಗೂ ಇದೇ ಕಾಯ್ದೆಯ 7-ಎ ಕಲಮಿನಡಿ ಮೂರರಿಂದ ಏಳು ವರ್ಷ ಶಿಕ್ಷೆಯಿದೆ.

2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಈ ಪ್ರಕರಣಗಳೆಲ್ಲ ಲೋಕಾಯುಕ್ತಕ್ಕೇ ಮರಳಿವೆ. ಹಣದ ಬೇಡಿಕೆ ಇಲ್ಲದೆ ಬರೀ ಸತಾಯಿಸುತ್ತಿದ್ದರೂ ಲೋಕಾಯುಕ್ತರಿಗೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರ ಸಹಿತ ದೂರು ಕೊಡಬಹುದು. ಕುಂದುಕೊರತೆಗೆ ಆರು ತಿಂಗಳು, ಆಪಾದನೆಗೆ ಐದು ವರ್ಷದ ಕಾಲಮಿತಿ ಇದೆ. ಸಣ್ಣಪುಟ್ಟ ವಿಳಂಬಕ್ಕೆ 1902 ಜನಸ್ಪಂದನ ಸಹಾಯವಾಣಿ ಸಾಕು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ವಕೀಲರ ಫೀಸಿನ ಚಿಂತೆ ಬೇಡ

ಆಳಂದ, ಅಫಜಲಪುರ, ಜೇವರ್ಗಿ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆಯಂಥ ವಿಪತ್ತಿಗೆ ಸಿಕ್ಕವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಲಿಖಿತ ಮನವಿಗೂ ಅಧಿಕಾರಿಗಳು ಉತ್ತರಿಸದಿದ್ದರೆ 226ನೇ ವಿಧಿಯಡಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ ಹಾಕಬಹುದು. ಆಗ ಮೊದಲು ಬೇಕಾಗುವುದು ನೀವು ಕೊಟ್ಟ ಮನವಿಯ ಸ್ವೀಕೃತಿ ಪ್ರತಿ.

ಅರ್ಜಿಯ ನಕಲು, ಸ್ವೀಕೃತಿ, ನಡಾವಳಿ, ಕಾಮಗಾರಿ ಆದೇಶ, ಪಾಸ್‌ಬುಕ್ಕಿನ ಪುಟ, ಈ ಐದನ್ನು ಒಂದೇ ಫೈಲಿನಲ್ಲಿಡಿ. ಮುಂದಿನ ಗ್ರಾಮಸಭೆ ಯಾವ ದಿನ ಎಂದು ಪಂಚಾಯಿತಿಗೆ ಈ ವಾರವೇ ಲಿಖಿತವಾಗಿ ಕೇಳಿ, ಓಣಿಯ ನಾಲ್ಕು ಜನರನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ನೂರು ಜನ ಕೂತು ಹೆಸರು ಓದಿಸಿದ ಸಭೆಯಲ್ಲಿ ದಲ್ಲಾಳಿ ಮಾರಾಟಕ್ಕಿಡಲು ಏನೂ ಉಳಿಯುವುದಿಲ್ಲ.